ಮೂರನೇ ಗುಂಪಿನ ನಾಲ್ಕು ಮೊಹರು

ಹಿಮಿ, ಕಾಜಿಯಾ ಓಣಿ
14 ಅಕ್ಟೋಬರ್ 2018

ಪ್ರೀತಿಯ ಫುಮಿನೊಗೆ ನಿನ್ನ ಟೋಕು ಮಾಮನ ಆಶೀರ್ವಾದಗಳು.

ಹಿಮಿಯ ಕಡಲಿನ ಮೇಲೆ ಚಳಿಗಾಲದ ಗುಡುಗು ನನ್ನ ಅಪ್ಪಣೆ ಇಲ್ಲದೆ ಗುಡುಗುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ನಾನು ಬಾಗಿಲು ಸರಿಸಿ ‘ಹೂಂ’ ಎಂದರೆ ಮೋಡ ಗುಡುಗುತ್ತದೆ, ಗುಡುಗಿಗೆ ಬೆದರಿದ ಬುರಿ ಮೀನು ಬಲೆಗೆ ಬೀಳುತ್ತದೆ, ಊರು ಉಣ್ಣುತ್ತದೆ. ಅಂಥ ಮನುಷ್ಯನಿಗೆ ಮೂರು ವರ್ಷದ ಮೇಲೆ ಕಾಗದ ಬರೆದಿದ್ದೀಯ. ನಿನ್ನ ಅಮ್ಮನ ಅಂತ್ಯಕ್ರಿಯೆ ಮುಗಿಸಿ ರೈಲು ಹತ್ತಿದವಳು ಈಗ ನೆನೆಸಿಕೊಂಡೆ. ಇರಲಿ, ಕ್ಷಮಿಸಿದ್ದೇನೆ. ದೊಡ್ಡವರ ಲಕ್ಷಣವೇ ಅದು.

ನಿಮ್ಮ ಸ್ಟುಡಿಯೋದವರು ಹಳೆಯ ಸಾಲುಮನೆಯೊಂದರ ಅನಿಮೆ ಚಿತ್ರ ತೆಗೆಯುತ್ತಿದ್ದಾರೆ, ರಕ್ತಸಂಬಂಧವಿಲ್ಲದ ನೆರೆಯವರು ಒಂದೇ ಮನೆಯವರಂತೆ ಬಾಳುವ ಕಥೆ, ಅದಕ್ಕೆ ನನ್ನ ಸಾಲುಮನೆಯ ವಿವರ ಬೇಕು ಎಂದಿದ್ದೀಯ. ಸರಿಯಾದ ಬಾಗಿಲನ್ನೇ ತಟ್ಟಿದೆ. ನಾನು ಒಂಬತ್ತು ವರ್ಷ ಹಳ್ಳಿಯ ಶಾಲೆಗೆ ಹೋಗಿ, ಅದರಲ್ಲಿ ಆರು ವರ್ಷ ಕಿಟಕಿಯ ಹೊರಗೆ ನೋಡಿದವನು. ನೋಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಬರೆದುಕೋ. ನಮ್ಮದು ಓಣಿ ಸಂಘದ ಮೂರನೇ ಗುಂಪು, ಒಂದೇ ಸೂರಿನಡಿ ನಾಲ್ಕು ಮನೆ. ಮೊದಲನೆಯದು ನನ್ನದು. ಗೋಡೆಯಾಚೆ ಮೊರೊಜುಮಿ, ಕ್ಷೌರಿಕ; ಅಂಗಡಿ ಮುಚ್ಚಿದ್ದಾನೆ, ಆದರೆ ಯಾರ ತಲೆ ಕಂಡರೂ ಕೈ ತುರಿಸುತ್ತದೆ. ಮೂರನೆಯದು ಕಿನುಯೆ ಅಕ್ಕನದು, ಎಂಬತ್ತೆಂಟು ವರ್ಷ, ಮಂಡಿ ಬಾರದು, ನಾಲಿಗೆ ಮಾತ್ರ ಗಟ್ಟಿ. ಕೊನೆಯದರಲ್ಲಿ ಹುಯೆನ್, ವಿಯೆಟ್ನಾಮಿನ ಹುಡುಗಿ, ಮೀನು ಒಣಗಿಸುವ ಕಾರ್ಖಾನೆಯಲ್ಲಿ ಕೆಲಸ. ಪ್ರತಿ ಶನಿವಾರ ಸಂಜೆ ನಾನೂ ಮೊರೊಜುಮಿಯೂ ಶೋಗಿ ಚದುರಂಗದ ಮಣೆಯ ಮುಂದೆ ಕೂರುತ್ತೇವೆ. ಸೋತವನು ಅವನ ಹಳೆಯ ಪೌಡರ್ ಡಬ್ಬಿಗೆ ನೂರು ಯೆನ್ ಹಾಕಬೇಕು. ಆ ಡಬ್ಬಿ ತುಂಬಿದ್ದು ಅವನ ಸೋಲಿನಿಂದ ಎಂದು ಬೇರೆ ಹೇಳಬೇಕಿಲ್ಲವಲ್ಲ. ನಾನು ಸೋತದ್ದು ಒಂದೇ ಸಲ, ಅಂದು ಹಲ್ಲುನೋವಿತ್ತು.

ತಿಂಗಳಿಗೆ ಎರಡು ಸಲ ಸಂಘದಿಂದ ಸುತ್ತೋಲೆಯ ಹಲಗೆ ಬರುತ್ತದೆ. ಓದಿ, ಪಟ್ಟಿಯಲ್ಲಿ ಮನೆಯ ಹೆಸರು ಕೆತ್ತಿದ ಮೊಹರು ಒತ್ತಿ, ಪಕ್ಕದ ಮನೆಗೆ ಕೈಯಾರೆ ಕೊಡಬೇಕು. ಗುಂಪಿನಲ್ಲಿ ಮೂರು ಮನೆಗಿಂತ ಕಡಿಮೆಯಾದರೆ ಅದನ್ನು ಅಳಿಸಿ ಕಾಲುವೆಯಾಚೆಯ ನಾಲ್ಕನೇ ಗುಂಪಿಗೆ ಸೇರಿಸುತ್ತಾರೆ. ಆ ಜನ ಬಾಗಿಲು ತಟ್ಟುವುದಿಲ್ಲ. ಎಲ್ಲಿ ಒಳಗೆ ಕರೆದು ಕೂರಿಸುತ್ತೇವೋ ಎಂದು ಹೆದರಿ ಹಲಗೆಯನ್ನು ಗೋಡೆಗೆ ಒರಗಿಸಿ ಓಡುತ್ತಾರೆ. ಗುಂಪಿನ ಮುಖ್ಯಸ್ಥ ನಾನು. ನಾನಿರುವವರೆಗೆ ಮೂರನೇ ಗುಂಪು ಅಳಿಯುವುದಿಲ್ಲ.

ಬರೆದೂ ಬರೆದೂ ಹೆಬ್ಬೆರಳು ನೋಯುತ್ತಿದೆ; ಶಾರ್ಕ್ ಕಚ್ಚಿ ತುದಿ ಒಯ್ದ ಅದೇ ಹೆಬ್ಬೆರಳು.

ನಿನ್ನ ಮಾಮ
ಇನಾಗಾಕಿ ಟೋಕುಜಿ

•

ಟೋಕಿಯೊ, ನೆರಿಮಾ
29 ಅಕ್ಟೋಬರ್ 2018

ಟೋಕು ಮಾಮನಿಗೆ ನಮಸ್ಕಾರಗಳು.

ಮೂರು ವರ್ಷ ಬರೆಯದೆ ಇದ್ದದ್ದಕ್ಕೆ ಏನು ಹೇಳಲಿ, ತಿಳಿಯುತ್ತಿಲ್ಲ. ನೀವು ಕ್ಷಮಿಸಿದ್ದೀರೆಂದು ಓದಿ ನಕ್ಕೆ. ಈ ಕೋಣೆಯಲ್ಲಿ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಶಾರ್ಕಿನ ವಿಷಯ ಮಾತ್ರ ನಂಬುವುದಿಲ್ಲ. ಅದು ಬಲೆ ಎಳೆಯುವ ಯಂತ್ರಕ್ಕೆ ಸಿಕ್ಕಿದ್ದೆಂದು ಅಮ್ಮ ಹೇಳುತ್ತಿದ್ದಳು.

ನಿಮ್ಮ ಕಾಗದವನ್ನು ನಿರ್ದೇಶಕರಿಗೆ ಓದಿ ಹೇಳಿದೆ. ಸುತ್ತೋಲೆ ಮನೆಯಿಂದ ಮನೆಗೆ ಹೋಗುವುದನ್ನೇ ಒಂದು ದೃಶ್ಯ ಮಾಡೋಣ ಎಂದರು. ಅದಕ್ಕೆ ಸಣ್ಣ ಸಣ್ಣ ವಿವರ ಬೇಕು. ಹಲಗೆ ಕೊಡುವಾಗ ಏನೆಂದು ಕೂಗುತ್ತೀರಿ? ಒಳಗಿನವರು ಏನೆನ್ನುತ್ತಾರೆ? ಮೊಹರು ಒತ್ತಿದ ಹಳೆಯ ಪಟ್ಟಿಗಳಿದ್ದರೆ ಕಳಿಸುತ್ತೀರಾ?

ನಾನಿರುವ ಕಟ್ಟಡದಲ್ಲಿ ಹದಿನೆಂಟು ಕೋಣೆ. ಪಕ್ಕದ ಬಾಗಿಲಿಗೆ ಹೆಸರಿನ ಫಲಕವೂ ಇಲ್ಲ. ಬೆಳಿಗ್ಗೆ ಆರಕ್ಕೆ ಯಾರೋ ಕೆಮ್ಮುತ್ತಾರೆ. ಅಷ್ಟೇ ಪರಿಚಯ.

ಹೊಸವರ್ಷದ ರಜೆಯಲ್ಲಿ ಬಂದು ನಿಮ್ಮೆಲ್ಲರನ್ನೂ ನೋಡಲೇ?

ಫುಮಿನೊ

•

ಹಿಮಿ
18 ನವೆಂಬರ್ 2018

ಫುಮಿ,

ಪಟ್ಟಿಗಳನ್ನು ಇದರ ಜೊತೆಗೆ ಇಟ್ಟಿದ್ದೇನೆ, ಕಳೆದ ನಾಲ್ಕು ತಿಂಗಳವು. ಕೆಂಪು ಮೊಹರುಗಳು ಸಾಲಾಗಿ ಹೇಗಿವೆ ನೋಡು. ಹುಯೆನ್‌ಳದನ್ನು ನಾನೇ ಕೆತ್ತಿಸಿದ್ದು. ಅಂಗಡಿಯ ಮೊಹರಿನ ಗೂಡಿನಲ್ಲಿ ಸಾವಿರ ಹೆಸರಿದ್ದರೂ ಅವಳದಿರಲಿಲ್ಲ. ‘ಇಡೀ ಊರಲ್ಲಿ ಇಂಥದು ಒಂದೇ’ ಎಂದು ಕೊಟ್ಟಾಗ ಅದನ್ನು ಕೆನ್ನೆಗೆ ಒತ್ತಿಕೊಂಡು ಓಡಾಡಿದಳು.

ವಿವರ ಕೇಳಿದ್ದೀಯ. ಮೊನ್ನೆಯದನ್ನೇ ಹೇಳುತ್ತೇನೆ. ಹಲಗೆ ಹಿಡಿದು ಮೊರೊಜುಮಿಯ ಬಾಗಿಲು ತಟ್ಟಿದೆ.

“ಯಾರದು?”

“ದೊರೆ.”

“ದೊರೆ ಕಾಲೊರೆಸ್ಕೊಂಡು ಬರ್ಲಿ. ಈಗಷ್ಟೇ ಗುಡಿಸಿದೀನಿ. ಅಲ್ಲೇ ನಿಂತ್ಕೋ, ಕಿವಿ ಮೇಲೆ ಕೂದಲು ಬೆಳ್ದಿದೆ, ಕತ್ರಿ ತರ್ತೀನಿ.”

“ಸುತ್ತೋಲೆ ಕೊಡೋಕ್ ಬಂದಿದೀನಿ, ತಲೆ ಕೊಡೋಕಲ್ಲ.”

“ಸುತ್ತೋಲೆ ಇವತ್ತು ಓದ್ಬಹುದು ನಾಳೆ ಓದ್ಬಹುದು. ಈ ತಲೇನ ದಿನಾ ನೋಡ್ಬೇಕಾಗಿರೋನು ನಾನು.”

ಅಲ್ಲಿಂದ ಅವನದೂ ಮೊಹರು ಬಿದ್ದ ಮೇಲೆ, ಅವನ ಸೊಂಟ ಸರಿಯಿಲ್ಲವಾದ್ದರಿಂದ ನಾನೇ ಕಿನುಯೆ ಅಕ್ಕನ ಬಾಗಿಲಿಗೆ ಹೋಗಿ “ಅಕ್ಕಾ, ಸುತ್ತೋಲೆ!” ಎಂದು ಕೂಗಿದೆ.

“ಕಿವಿ ಕೇಳುತ್ತೆ ಕಣೋ, ಕಿರಚ್ಬೇಡ. ಇಷ್ಟೊತ್ತು ಯಾರ ಮನೇಲಿ ಹರಟ್ತಿದ್ದೆ? ಬೇಯ್ಸಿದ ಮೂಲಂಗಿ ಆರಿಹೋಯ್ತು.”

“ನನಗಾ ಅಕ್ಕ?”

“ನಿನಗ್ಯಾಕೆ? ಆ ಹುಡುಗೀಗೆ. ನೀನು ಹೊತ್ಕೊಂಡು ಹೋಗೋನು. ದಾರೀಲಿ ತಿನ್ಬೇಡ, ಎಣ್ಸಿದೀನಿ.”

ಕೊನೆಯ ಬಾಗಿಲಲ್ಲಿ ಹುಯೆನ್ ಹಲಗೆ ತಿರುಗಿಸಿ ನೋಡಿ, “ಅಜ್ಜಾ, ಇದ್ರಲ್ಲಿ ಏನ್ ಬರ್ದಿದೆ?” ಎಂದಳು.

“ಅಜ್ಜ ಅನ್ಬೇಡ, ಮಾಮ ಅನ್ನು.”

“ಮಾಮ ಅಜ್ಜಾ, ಏನ್ ಬರ್ದಿದೆ?”

“ಗುರುವಾರ ಗಾಜಿನ ಬಾಟ್ಲಿ ಹಾಕ್ಬೇಕು, ಭಾನುವಾರ ಚರಂಡಿ ತೊಳೀಬೇಕು.”

“ಏಳು ತುಂಡು ಮೂಲಂಗಿ ಅಂತ ಅಜ್ಜಿ ಕಿಟಕೀಲಿ ಕೂಗಿ ಹೇಳಿದ್ರು. ಇಲ್ಲಿ ಐದಿದೆ. ಅದೂ ಬರ್ದಿದ್ಯಾ?”

ಇಷ್ಟು ಸಾಕಲ್ಲವೇ ನಿಮ್ಮ ಅನಿಮೆಗೆ?

ಹೊಸವರ್ಷಕ್ಕೆ ಬರಬೇಡ. ಮೊರೊಜುಮಿ ಮಗಳ ಊರಿಗೆ ಹೋಗುವವನಿದ್ದಾನೆ, ಅಕ್ಕನ ಮಂಡಿಗೆ ಚಳಿ ಆಗದು, ಹುಯೆನ್‌ಳಿಗೆ ರಾತ್ರಿ ಪಾಳಿ. ವಸಂತದಲ್ಲಿ ನೋಡೋಣ.

ಟೋಕು ಮಾಮ

•

ನೆರಿಮಾ
9 ಡಿಸೆಂಬರ್ 2018

ಮಾಮ,

ಏಳು ಮೂಲಂಗಿಯ ಮಾತು ಓದಿ ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ಎರಡು ತುಂಡು ನೀವು ತಿಂದಿರೆಂದು ನಾನು ಸಾಕ್ಷಿ ಹೇಳಬಲ್ಲೆ.

ಪಟ್ಟಿಗಳನ್ನು ದೀಪದ ಮೇಜಿನ ಮೇಲಿಟ್ಟು ನಕಲು ತೆಗೆಯುವಾಗ ಒಂದು ಸೊಗಸು ಕಂಡಿತು. ನಾಲ್ಕು ಮೊಹರೂ ಸ್ವಲ್ಪ ಎಡಕ್ಕೆ ವಾಲಿವೆ. ಎಲ್ಲ ಪಟ್ಟಿಯಲ್ಲೂ ಹಾಗೆಯೇ, ಎಲ್ಲದರದೂ ಒಂದೇ ಓರೆ. ಆಫೀಸುಗಳಲ್ಲಿ ಕೈಕೆಳಗಿನವರು ಮೇಲಧಿಕಾರಿಯ ಮೊಹರಿನ ಕಡೆಗೆ ತಮ್ಮದನ್ನು ಬಾಗಿಸಿ ಒತ್ತುತ್ತಾರಲ್ಲ, ಆ ವಿನಯದ ಹಾಗೆ. ಆದರೆ ಇಲ್ಲಿ ಯಾರೂ ಮೇಲಿಲ್ಲ. ಬಹುಕಾಲ ಒಟ್ಟಿಗಿದ್ದವರ ನಡಿಗೆ ಒಂದೇ ಆಗುವಂತೆ ಮೊಹರೂ ಒಂದೇ ಆಗಿದೆ ಎಂದು ನಿರ್ದೇಶಕರಿಗೆ ಹೇಳಿದೆ. ಅವರು ಬಹಳ ಹೊತ್ತು ನೋಡಿದರು. ದೃಶ್ಯ ಆ ಮೊಹರುಗಳ ಮೇಲೆಯೇ ಮುಗಿಯಬೇಕು ಎಂದರು.

ಹೀಗೆ ಒಟ್ಟಿಗೆ ವಾಲಲು ಎಷ್ಟು ವರ್ಷ ಬೇಕಾಯಿತು ಮಾಮ?

ಫುಮಿನೊ

•

ಹಿಮಿ
16 ಡಿಸೆಂಬರ್ 2018

ಫುಮಿ,

ಎಡಕ್ಕೆ ಅಂದರೆ ಕಡಲಿನ ಕಡೆಗೆ. ಇದು ಹಿಮಿಯ ಹಳೆಯ ಪದ್ಧತಿ, ಕಡಲಿಗೆ ತಲೆಬಾಗುವುದು. ಅವರಿಗೆಲ್ಲ ಕಲಿಸಿದವನು ನಾನೇ. ನಿರ್ದೇಶಕರಿಗೆ ಹಾಗೆಯೇ ಹೇಳು, ನನ್ನ ಹೆಸರನ್ನೂ ಹಾಕಲಿ.

ಮೊನ್ನೆ ಬೆಳಿಗ್ಗೆ ಮೊದಲ ಗುಡುಗು ಬಂತು. ನಾನು ಬಾಗಿಲು ಸರಿಸಿ ‘ಹೂಂ’ ಎಂದೆ. ಪ್ರತಿವರ್ಷ ಗುಡುಗಿದಾಗ ಮೊರೊಜುಮಿ ಗೋಡೆ ತಟ್ಟುತ್ತಾನೆ, ನಾನು ತಿರುಗಿ ತಟ್ಟುತ್ತೇನೆ. ಈ ಸಲ ನಾನೇ ಮೊದಲು ತಟ್ಟಿದೆ.

ಬೇರೆ ವಿಶೇಷವಿಲ್ಲ.

ಮಾಮ

•

ನೆರಿಮಾ
14 ಜನವರಿ 2019

ಮಾಮ,

ಹೊಸವರ್ಷಕ್ಕೆ ಶುಭಾಶಯದ ಕಾರ್ಡು ಹಾಕಿದ್ದು ನಿಮಗೊಬ್ಬರಿಗೇ ಅಲ್ಲ. ನಾಲ್ಕು ಬರೆದಿದ್ದೆ. ಮೊರೊಜುಮಿ ಅವರದಕ್ಕೆ ಕತ್ತರಿಯ ಚಿತ್ರ, ಕಿನುಯೆ ಅಜ್ಜಿಯದಕ್ಕೆ ಏಳು ಮೂಲಂಗಿ, ಹುಯೆನ್‌ಳದಕ್ಕೆ ಕೆನ್ನೆಯ ಮೇಲಿನ ಮೊಹರು. ನಿಮಗೆ ಅಚ್ಚರಿಯಾಗಲಿ ಎಂದು ತಿಳಿಸಿರಲಿಲ್ಲ.

ಮೂರು ಕಾರ್ಡು ತಿರುಗಿ ಬಂದಿವೆ. ಮೇಲೆ ಅಂಚೆಯವರ ಕೆಂಪು ಗುರುತು: ಈ ವಿಳಾಸದಲ್ಲಿ ಇಲ್ಲ. ತಿರುಗಿ ಬಾರದ್ದು ಒಂದೇ, ನಿಮ್ಮದು.

ಪಟ್ಟಿಗಳನ್ನು ಮತ್ತೆ ತೆಗೆದು ನೋಡಿದೆ. ಅಮ್ಮನ ಅಸ್ಥಿಯನ್ನು ನಾವಿಬ್ಬರೂ ಕಡ್ಡಿಗಳಲ್ಲಿ ಎತ್ತಿ ಮಡಕೆಗೆ ಹಾಕಿದೆವಲ್ಲ, ಆಗ ನಿಮ್ಮ ಕಡ್ಡಿ ಎಡಕ್ಕೆ ವಾಲುತ್ತಿತ್ತು. ಹೆಬ್ಬೆರಳಿಗೆ ತುದಿಯಿಲ್ಲದ ಕೈ ಏನು ಹಿಡಿದರೂ ಎಡಕ್ಕೇ ವಾಲುತ್ತದೆ. ಅದನ್ನು ಕಣ್ಣಾರೆ ಕಂಡವಳು ನಾನು. ಆದರೂ ಏನೇನೋ ಸೊಗಸು ಕಟ್ಟಿ ಹೇಳಿದೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಲು ನನಗೆ ಮುಖವೂ ಇಲ್ಲ. ಸುತ್ತೋಲೆಯ ದೃಶ್ಯಕ್ಕೆ ಸಿಕ್ಕಿದ್ದು ಹನ್ನೊಂದು ಸೆಕೆಂಡು. ನಾನು ಬರೆಯುವುದು ಎರಡು ಮುಖ್ಯ ಚಿತ್ರಗಳ ನಡುವೆ ತುಂಬುವ ಚಿತ್ರಗಳನ್ನು ಮಾತ್ರ. ನಿರ್ದೇಶಕರ ಜೊತೆ ಮಾತನಾಡಿದ್ದೇ ಎರಡು ಸಲ. ಡಿಸೆಂಬರ್ ನಡುವಿಗೇ ಆ ಕೆಲಸ ಮುಗಿದಿತ್ತು. ಆಮೇಲೂ ನಿಮಗೆ ಕೇಳಲೆಂದು ಪ್ರಶ್ನೆಗಳ ಪಟ್ಟಿ ಬರೆಯುತ್ತಲೇ ಇದ್ದೆ. ನನ್ನ ಅಂಚೆಪೆಟ್ಟಿಗೆಗೆ ಕೈಯಲ್ಲಿ ಬರೆದ ಕಾಗದ ಬರುವುದು ನಿಮ್ಮದೊಂದೇ.

ಅವರೆಲ್ಲ ಎಲ್ಲಿಗೆ ಹೋದರೆಂದು ನಾನು ಕೇಳುವುದಿಲ್ಲ. ಒಂದೇ ಒಂದು ನಿಜವಾದ ಅಂಕಿ ಹೇಳಿ. ಶೋಗಿಯಲ್ಲಿ ಮೊರೊಜುಮಿ ಅವರಿಗೆ ನೀವು ಒಟ್ಟು ಎಷ್ಟು ಸೋತಿರಿ?

ಫುಮಿನೊ

•

ನೆರಿಮಾ
17 ಫೆಬ್ರವರಿ 2019

ಮಾಮ,

ಉತ್ತರ ಬರಲಿಲ್ಲ. ಬರೆಯಬಾರದ್ದನ್ನು ಬರೆದೆನೇನೋ.

ನಾಲ್ಕು ದಿನದಿಂದ ಪಕ್ಕದ ಮನೆಯ ಕೆಮ್ಮು ಕೇಳಿಸಿಲ್ಲ. ನಿನ್ನೆ ಹೋಗಿ ಬಾಗಿಲು ತಟ್ಟಲೆಂದು ಕೈ ಎತ್ತಿದೆ. ಏನೆಂದು ಕೂಗಬೇಕೋ ತಿಳಿಯಲಿಲ್ಲ. ನನ್ನ ಕೈಯಲ್ಲಿ ಹಲಗೆಯೂ ಇರಲಿಲ್ಲ. ಇಳಿಸಿಬಿಟ್ಟೆ. ಇವತ್ತು ಬೆಳಿಗ್ಗೆ ಮತ್ತೆ ಕೆಮ್ಮಿದರು.

ನೀವು ಹುಷಾರಾಗಿದ್ದೀರೆಂದು ಒಂದು ಸಾಲು ಬರೆಯಿರಿ.

ಫುಮಿನೊ

•

ಹಿಮಿ
24 ಮಾರ್ಚ್ 2019

ಫುಮಿಗೆ,

ಹುಷಾರಾಗಿದ್ದೇನೆ. ಎರಡು ತಿಂಗಳು ಬರೆಯದಿದ್ದುದಕ್ಕೆ ಕಾರಣ ಕಟ್ಟಬಲ್ಲೆ, ಒಂದಲ್ಲ ಹತ್ತು. ಕಟ್ಟಿಯೂ ಇದ್ದೆ. ಅವನ್ನು ಒಲೆಗೆ ಹಾಕಿ ಇದನ್ನು ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ, ಜನವರಿಯಲ್ಲಿ, ಮೊರೊಜುಮಿ ಹಿಮದಲ್ಲಿ ಜಾರಿ ಸೊಂಟ ಮುರಿದುಕೊಂಡ. ಮಗಳು ಸೆಂದಾಯಿಗೆ ಕರೆದೊಯ್ದಳು. ಹೋಗುವಾಗ ಕಾರಿನ ಕಿಟಕಿಯಿಂದ ಮೊಹರನ್ನೂ ಪೌಡರ್ ಡಬ್ಬಿಯನ್ನೂ ನನ್ನ ಕೈಗಿಟ್ಟು, “ವಸಂತಕ್ಕೆ ಬರ್ತೀನಿ. ಅಲ್ಲೀವರ್ಗೆ ಸುತ್ತೋಲೆಗೆ ನನ್ನದೂ ಒತ್ತಿರು. ಡಬ್ಬೀಗೆ ಕೈ ಹಾಕ್ದೆ ಅಂದ್ರೆ ಮುಂದಿನ್ಸಲ ಕಿವಿ ಕತ್ತರಿಸ್ತೀನಿ” ಎಂದ. ಒಂದು ತಿಂಗಳಿಗೆಂದು ಒತ್ತಲು ಶುರುಮಾಡಿದೆ. ಅಷ್ಟರಲ್ಲಿ ಕಿನುಯೆ ಅಕ್ಕನನ್ನು ಮಗ ಕನಾಜಾವಾದ ಆಸ್ಪತ್ರೆಗೆ ಸೇರಿಸಿದ. “ಒಂದು ವಾರ, ಮೊಹರು ಇಟ್ಕೋ, ಉಪ್ಪಿನಕಾಯಿ ಭರಣಿ ಮೇಲಿನ ಕಲ್ಲು ತಿರುಗಿಸ್ತಿರು” ಎಂದು ಹೋದವಳು ಚೆರ್ರಿ ಹೂ ಬಿಡುವ ಮೊದಲೇ ತೀರಿಕೊಂಡಳು. ಕರ್ಮಗಳೆಲ್ಲ ಅಲ್ಲೇ ನಡೆದವು, ಈ ಓಣಿಯವರಿಗೆ ತಿಳಿಯಲಿಲ್ಲ. ನಾನು ತಿಳಿಸಲಿಲ್ಲ. ಶರತ್ಕಾಲದಲ್ಲಿ ಹುಯೆನ್‌ಳ ಮೂರು ವರ್ಷದ ಕೆಲಸದ ಪರವಾನಗಿ ಮುಗಿಯಿತು. ಮೊಹರನ್ನು ನನಗೇ ಕೊಟ್ಟು, “ನಮ್ಮೂರಲ್ಲಿ ಮೊಹರು ಯಾರೂ ಕೇಳಲ್ಲ ಮಾಮ ಅಜ್ಜ” ಎಂದಳು. ಮೊದಲ ವರ್ಷ ಮೂರು ಫೋಟೊ ಕಳಿಸಿದಳು.

ಹೀಗೆ ನಾಲ್ಕು ಮೊಹರು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಸೇರಿದವು. ಒಂದೇ ದಿನ ನಾಲ್ಕನ್ನೂ ಒತ್ತಿ ಮರಳಿಸಿದರೆ ಅನುಮಾನ ಬರುತ್ತದೆಂದು ದಿನಕ್ಕೊಂದು ಮನೆ ಮಾಡಿದೆ. ಹಲಗೆ ಹಿಡಿದು ಆಯಾ ಬಾಗಿಲಿಗೆ ಹೋಗುತ್ತಿದ್ದೆ. “ಅಕ್ಕಾ, ಸುತ್ತೋಲೆ!” ಎಂದು ಕೂಗುತ್ತಿದ್ದೆ. ಕೂಗದೆ ಮೊಹರು ಒತ್ತಿದರೆ ಅದು ಕಳ್ಳತನವಾಗುತ್ತಿತ್ತು. ನವೆಂಬರಿನಲ್ಲಿ ನಿನಗೆ ‘ಮೊನ್ನೆ’ ಎಂದು ಬರೆದ ಮಾತುಗಳು ಸುಳ್ಳಲ್ಲ, ಮೊನ್ನೆಯವಲ್ಲ, ಅಷ್ಟೇ.

ನಿನ್ನ ಮೂರು ಕಾರ್ಡಿನ ಮಾತು ಓದಿದ ಮೇಲೂ ನಾನು ನಿಲ್ಲಿಸಲಿಲ್ಲ. ಇದನ್ನು ಹೇಳಬೇಕು. ಫೆಬ್ರವರಿಯ ಸುತ್ತೋಲೆಯಲ್ಲಿ ಸುನಾಮಿ ಕವಾಯತಿನ ಪಟ್ಟಿ ಇತ್ತು. ಗುಡ್ಡ ಹತ್ತಲಾಗದವರು ಇದ್ದರೆ ಹೆಸರಿನ ಮುಂದೆ ವೃತ್ತ ಹಾಕಬೇಕು. ಕಿನುಯೆ ಅಕ್ಕನ ಮುಂದೆ ಹಾಕಿದೆ. ಪ್ರತಿವರ್ಷ ಹಾಕುತ್ತಿದ್ದೆ. ಹಾಕದಿದ್ದರೆ ಅವಳ ಮಂಡಿ ವಾಸಿಯಾಯಿತೆಂದು ಬರೆದಂತಾಗುತ್ತಿತ್ತು.

ಹಿಂದಿನ ವರ್ಷ ಮಳೆ ಬಂದು ಕವಾಯತು ನಿಂತಿತ್ತು. ಈ ಸಲ, ಮಾರ್ಚ್ ಹತ್ತರ ಬೆಳಿಗ್ಗೆ, ಸೈರನ್ ಕೂಗಿದ್ದೇ ಇಬ್ಬರು ಗಂಡಸರು ಕೋಲಿಗೆ ಕಟ್ಟಿದ ಕುರ್ಚಿ ಹೊತ್ತು ಬಂದು ಅಕ್ಕನ ಬಾಗಿಲಲ್ಲಿ ನಿಂತರು. ಮುಂದಿದ್ದವನು ಕಾಲುವೆಯಾಚೆಯ ಐಸ್ ಅಂಗಡಿಯ ಉಶಿಜಿಮಾ. ಹಿಂದಿನ ದಿನ ದಾರಿ ತಪ್ಪಿ ಬಂದಂತೆ ಅಕಾಲದ ಹಿಮ ಬಿದ್ದಿತ್ತು. ಅವನು ಕೈಗವಸು ತೆಗೆದು ಬರಿಗೈಯಲ್ಲಿ ತಟ್ಟುತ್ತಿದ್ದ.

“ಅಜ್ಜೀ, ನಾನು ಐಸ್ ಅಂಗಡಿ ಉಶಿಜಿಮಾ. ಹೆದರ್ಬೇಡಿ, ನಿಜವಾದ ಸುನಾಮಿ ಅಲ್ಲ. ನಿಧಾನಕ್ಕೆ ಬನ್ನಿ, ಕಾಯ್ತೀವಿ.”

ನಾನು ನನ್ನ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವರು ಕಾದರು. ಹತ್ತು ನಿಮಿಷ ಕಾದರು. ಮತ್ತೆ ತಟ್ಟಿದ. ಇನ್ನೊಬ್ಬ, “ಒಳಗ್ ಬಿದ್ದಿರ್ಬಹುದು. ಬಾಗ್ಲು ಮುರಿಯೋಣ್ವಾ?” ಎಂದ.

“ಬೇಡ, ಮುರೀಬೇಡಿ” ಎಂದು ಹೊರಗೆ ಬಂದೆ. “ಒಳಗೆ ಯಾರೂ ಇಲ್ಲ.”

“ಎಲ್ಲಿಗ್ ಹೋದ್ರು? ವೃತ್ತ ಹಾಕಿ ಮೊಹರು ಒತ್ತಿದಾರಲ್ಲ?”

“ಅವಳು ತೀರ್ಕೊಂಡು ಎರಡು ವರ್ಷ ಆಯ್ತು.”

“ಮತ್ತೆ ಮೊಹರು?”

ನಾನು ಬಲಗೈ ಎತ್ತಿ ಹೆಬ್ಬೆರಳು ತೋರಿಸಿದೆ. ಅವನಿಗೆ ಅದರಿಂದ ಏನು ತಿಳಿಯಬೇಕು? ಆದರೂ ಪಟ್ಟಿ ನೋಡಿದ, ಕೈ ನೋಡಿದ, ಉಳಿದೆರಡು ಬಾಗಿಲು ನೋಡಿದ.

“ಅವೂನಾ?”

“ಅವೂ.”

“ಹಂಗಾದ್ರೆ ಮೂರನೇ ಗುಂಪು ಅಂದ್ರೆ… ನೀವೊಬ್ರೇನಾ ಅಣ್ಣಾ?”

ಹಾಗೆಂದು ನನ್ನನ್ನು ಯಾರೂ ಕೇಳಿರಲಿಲ್ಲ ಫುಮಿ. ಕೇಳದೆ ಇದ್ದುದರಿಂದ ಹೇಳುವ ಪ್ರಸಂಗವೂ ಬಂದಿರಲಿಲ್ಲ. “ಒಬ್ನೇ” ಎಂದೆ.

ಬೈಯುತ್ತಾನೆಂದುಕೊಂಡೆ. ಅವನು ಕೈಗವಸು ಹಾಕಿಕೊಂಡು, “ಖಾಲಿ ಕುರ್ಚಿ ಹೊತ್ಕೊಂಡ್ ಹೋದ್ರೆ ಮೇಲೆ ನಗ್ತಾರೆ. ಹತ್ತಿ” ಎಂದ.

“ನನ್ ಕಾಲು ಕಬ್ಬಿಣ ಕಣಯ್ಯ.”

“ಕಬ್ಬಿಣಾನ ಮೇಲೆ ಹೋಗಿ ತೂಗೋಣ. ಹತ್ತಿ ಸುಮ್ನೆ.”

ಹೀಗೆ ನಾನು ಕಿನುಯೆ ಅಕ್ಕನ ಕುರ್ಚಿಯಲ್ಲಿ ಕೂತು ಗುಡ್ಡ ಹತ್ತಿದೆ. ದಾರಿಯುದ್ದಕ್ಕೂ ಉಶಿಜಿಮಾ ಏದುಸಿರು ಬಿಡುತ್ತ, “ಅಜ್ಜಿ ಇದ್ದಿದ್ರೆ ಹಗುರ ಇರ್ತಿದ್ರು” ಎನ್ನುತ್ತಿದ್ದ. ಮೇಲಿನಿಂದ ನಮ್ಮ ಸಾಲುಮನೆಯ ಸೂರು ಕಂಡಿತು. ಉದ್ದಕ್ಕೂ ಬೆಳ್ಳಗೆ ಹಿಮ. ಈ ತುದಿಯಲ್ಲಿ ಮಾತ್ರ, ನನ್ನ ಒಲೆಯ ಮೇಲೆ, ಕರಗಿ ಕಪ್ಪು ಹೆಂಚು ಕಾಣುತ್ತಿತ್ತು. ಎರಡು ಚಳಿಗಾಲ ಅದು ಊರಿಗೆಲ್ಲ ‘ಒಬ್ಬನೇ’ ಎಂದು ಹೇಳುತ್ತ ಕೂತಿತ್ತು. ನಾನು ಕೆಳಗೆ ಮೊಹರು ಒತ್ತುತ್ತಿದ್ದೆ.

ಕಳೆದ ಭಾನುವಾರ ಸಂಘದ ಸಭೆ. ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಯಾರೂ ಜೋರು ಮಾಡಲಿಲ್ಲ. ಅಧ್ಯಕ್ಷೆ ನಿಶಿಕೊರಿ ಹಲಗೆಯ ಹಿಂದೆ ಬರೆದಿದ್ದ ‘ಮೂರನೇ ಗುಂಪು’ ಎಂಬುದರ ಮೇಲೆ ಬಿಳಿ ಕಾಗದ ಅಂಟಿಸಿದಳು, ಮೂಲೆಗಳನ್ನು ಉಗುರಿನಿಂದ ಒತ್ತಿದಳು. ಮೂರು ಮೊಹರುಗಳನ್ನು ಏನು ಮಾಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಮನೆಗೆ ತಂದೆ.

ನಾಲ್ಕನೇ ಗುಂಪಿನ ಮೊದಲ ಸುತ್ತೋಲೆ ಗುರುವಾರ ಬಂತು. ಗೋಡೆಗೆ ಒರಗಿಸಿ ಹೋಗಿದ್ದರು. ಯಾರು, ಯಾವಾಗ, ತಿಳಿಯದು. ನಾನು ಒಳಗೇ ಇದ್ದೆ. ಮೊಹರು ಒತ್ತಿದೆ, ನನ್ನದೊಂದನ್ನೇ. ನೇರವಾಗಿ ಒತ್ತಲು ಪ್ರಯತ್ನಪಟ್ಟೆ. ಬರಲಿಲ್ಲ.

ನಿನ್ನ ಹನ್ನೊಂದು ಸೆಕೆಂಡು ಸಣ್ಣದೆಂದು ನಾಚಬೇಡ. ನನ್ನ ಗುಡುಗು ಅಷ್ಟು ಹೊತ್ತೂ ಇರುವುದಿಲ್ಲ. ಇನ್ನು ಆ ಕೆಮ್ಮಿನವರು. ಕೈ ಎತ್ತಿದೆಯಲ್ಲ, ಮುಂದಿನ ಸಲ ಇಳಿಸುವಾಗ ಬಾಗಿಲಿನ ಮೇಲೆ ಇಳಿಸು. ಏನು ಕೂಗಬೇಕೆಂದು ತಿಳಿಯದಿದ್ದರೆ ‘ದೊರೆ ಬಂದಿದ್ದೇನೆ’ ಎನ್ನು. ಇಲ್ಲಿ ಹನ್ನೊಂದು ವರ್ಷ ನಡೆದಿದೆ.

ನೀನು ನಿಜವಾದ ಅಂಕಿ ಕೇಳಿದ್ದೆ. ಮೊರೊಜುಮಿಯ ಮಗಳು ವರ್ಷಕ್ಕೊಂದು ಕಾರ್ಡು ಹಾಕುತ್ತಾಳೆ. ಅಪ್ಪ ಚೆನ್ನಾಗಿದ್ದಾರೆ, ಆದರೆ ಹಿಮಿ ಎಂದರೆ ಯಾವ ಊರು ಎನ್ನುತ್ತಾರೆ ಎಂದು ಬರೆದಿದ್ದಳು. ನಾನು ಶನಿವಾರ ಸಂಜೆ ಈಗಲೂ ಮಣೆ ಹಾಕುತ್ತೇನೆ. ನನ್ನ ಕಾಯಿ ನಡೆಸಿ, ಎದ್ದು, ಆಚೆ ಹೋಗಿ ಅವನ ಕಡೆ ಕೂತು, ಅವನ ಕಾಯಿ ನಡೆಸುತ್ತೇನೆ. ಅಲ್ಲಿ ಕೂತಾಗ ಅವನಿಗೆ ಹೊಳೆಯುವಂಥ ಆಟವೇ ನನಗೂ ಹೊಳೆಯುತ್ತದೆ. ಈಚೆ ಬಂದರೆ ಮರೆತುಹೋಗುತ್ತದೆ. ಎರಡು ಸಲ ನಾನು ಗೆದ್ದೆ. ಎರಡು ಸಲವೂ ಅವನ ಕಡೆ ಕೂತವನು ಮನಸ್ಸಿಟ್ಟು ಆಡಿಲ್ಲವೆಂದು ಗೊತ್ತಾಗಿ, ಆ ಆಟ ಅಳಿಸಿ, ಮತ್ತೆ ಆಡಿ ಸೋತೆ. ಡಬ್ಬಿಯನ್ನು ನಿನ್ನೆ ಚಾಪೆಯ ಮೇಲೆ ಸುರಿದು ಎಣಿಸಿದೆ. ಅದರಲ್ಲಿ ಅವನು ಹಾಕಿದ್ದು ಯಾವುದೂ ಇಲ್ಲ. ತಾನು ಸೋತಾಗೆಲ್ಲ ಅವನು ಕಾಸಿನ ಬದಲು ನನ್ನ ಕೂದಲು ಕತ್ತರಿಸುತ್ತಿದ್ದ.

ಅವನಿದ್ದಾಗ ನಾನು ಸೋತದ್ದು ಮೂವತ್ತೆಂಟು ಸಾವಿರದ ನಾನೂರು ಯೆನ್. ಅವನು ಹೋದ ಮೇಲೆ, ನಿನ್ನೆಯದೂ ಸೇರಿ, ಹನ್ನೊಂದು ಸಾವಿರದ ಇನ್ನೂರು.